ಯಾರ ತಟ್ಟೆಗೂ ಬಾರದೆ ಹೋಗುವುದು

ಮನೆಖರ್ಚಿನಲ್ಲಿ ಉಳಿಸಬೇಕು ಅಂದ ಕೂಡಲೇ ನಮ್ಮಲ್ಲಿ ಮೊದಲು ಕೈ ಹೋಗುವುದು ಊಟದ ಕಡೆಗೆ. ತಿಂಗಳ ಕೊನೆಯಲ್ಲಿ ಕೈ ಬಿಗಿಯಾಯಿತೆಂದರೆ ಹಾಲು ಅರ್ಧ ಲೀಟರ್ ಕಡಿಮೆ, ಸಾರಿಗೆ ಹಾಕುವ ಬೇಳೆ ಒಂದು ಹಿಡಿ ಕಡಿಮೆ, ಹಣ್ಣಂತೂ ಬೇಡವೇ ಬೇಡ. ಅದರಲ್ಲೂ ಮನೆಯಾಕೆಯ ಪಾಲು ಎಲ್ಲಕ್ಕಿಂತ ಮೊದಲು ಕರಗುತ್ತದೆ. ಮಕ್ಕಳಿಗೆ ಲೋಟದ ತುಂಬ ಹಾಲು, ಯಜಮಾನರಿಗೆ ಗಟ್ಟಿ ಮೊಸರು, ತನಗೆ ನೀರು ಮಜ್ಜಿಗೆ. ಇದನ್ನೇ ನಾವು ಅಚ್ಚುಕಟ್ಟುತನ ಎಂದು ತಲೆಮಾರುಗಳಿಂದ ಹೊಗಳುತ್ತ ಬಂದಿದ್ದೇವೆ.

ಇವತ್ತು ನಾನು ಹೇಳಬೇಕೆಂದಿರುವುದು ಇದಕ್ಕೆ ತದ್ವಿರುದ್ಧವಾದ ಮಾತು. ಯಾರ ತಟ್ಟೆಯಿಂದಲೂ ತೆಗೆದು ಉಳಿಸುವುದು ಬೇಡ. ಯಾರ ತಟ್ಟೆಗೂ ಬಾರದೆ, ಯಾರ ಮೈಗೂ ಹತ್ತದೆ ಸುಮ್ಮನೆ ಕಳೆದುಹೋಗುವುದು ಪ್ರತಿಯೊಂದು ಮನೆಯಲ್ಲೂ ಬೇಕಾದಷ್ಟಿದೆ. ಮುಚ್ಚಳವಿಲ್ಲದ ಪಾತ್ರೆಯಿಂದ ಏಳುವ ಆವಿ, ಹುಳು ಹಿಡಿದ ಕಾಳು, ಫ್ರಿಜ್ಜಿನ ಮೂಲೆಯಲ್ಲಿ ಕೊಳೆತ ಕೊತ್ತಂಬರಿ ಸೊಪ್ಪು, ತೊಟ್ಟಿಕ್ಕುವ ನಲ್ಲಿ, ಕೈಸಾಲದ ಬಡ್ಡಿ. ಉಳಿತಾಯವನ್ನು ಹುಡುಕಬೇಕಾದ್ದು ಅಲ್ಲಿ.

ಒಲೆಯಿಂದಲೇ ಶುರು ಮಾಡೋಣ. ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲ ಇರುತ್ತದೆ. ಒಂದು ಮನೆಯಲ್ಲಿ ಅದು ತಿಂಗಳಿಗೆ ಮುಗಿದುಹೋದರೆ, ಅಷ್ಟೇ ಜನರಿರುವ ಪಕ್ಕದ ಮನೆಯಲ್ಲಿ ಇನ್ನೂ ಒಂದು ವಾರ ಉರಿಯುವುದುಂಟು. ಆ ಮನೆಯವರೇನೂ ಕಡಿಮೆ ಉಣ್ಣುವುದಿಲ್ಲ. ಅವರಿಗೆ ಒಲೆಯ ಸ್ವಭಾವ ಗೊತ್ತಿರುತ್ತದೆ. ತೆರೆದ ಪಾತ್ರೆಯಲ್ಲಿ ನೀರು ಒಮ್ಮೆ ಕುದಿಯತೊಡಗಿದ ಮೇಲೆ ಅದರ ಬಿಸಿ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತುಬಿಡುತ್ತದೆ. ಬೆಂಗಳೂರು, ಮಡಿಕೇರಿಯಂಥ ಎತ್ತರದ ಊರುಗಳಲ್ಲಿ ಇನ್ನೂ ಮೂರು ನಾಲ್ಕು ಡಿಗ್ರಿ ಕೆಳಗೇ ಕುದಿ ಬರುತ್ತದೆ. ಅಲ್ಲಿಂದಾಚೆ ಉರಿಯನ್ನು ಎಷ್ಟೇ ಜೋರು ಮಾಡಿದರೂ ಬೇಳೆ ಬೇಗ ಬೇಯುವುದಿಲ್ಲ, ನೀರಷ್ಟೇ ಬೇಗ ಇಂಗುತ್ತದೆ. ಕುದಿ ಬಂದ ಮೇಲೆ ಉರಿ ತಗ್ಗಿಸಿ ಮುಚ್ಚಳ ಮುಚ್ಚಿದರೆ ಅದೇ ಬೇಳೆ ಅದೇ ಹೊತ್ತಿಗೆ ಬೇಯುತ್ತದೆ. ಪ್ರೆಷರ್ ಕುಕ್ಕರಿನ ಒಳಗೆ ಒತ್ತಡದಿಂದಾಗಿ ಬಿಸಿ ಸುಮಾರು 120 ಡಿಗ್ರಿಗೆ ಏರುತ್ತದೆ, ಅದಕ್ಕೇ ಅದು ಬೇಗ. ಆದರೆ ಮೊದಲ ಸೀಟಿ ಬಂದ ಮೇಲೂ ಉರಿಯನ್ನು ಹಾಗೇ ಬಿಟ್ಟು ಸೀಟಿ ಎಣಿಸುತ್ತ ಕೂತರೆ ಪ್ರತಿ ಸೀಟಿಯಲ್ಲೂ ಹೋಗುವುದು ನಾವು ಕೊಂಡ ಶಾಖವೇ. ಮೊದಲ ಸೀಟಿಗೆ ಸಿಮ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆರಿಸಿ. ಕುಕ್ಕರಿನ ಒಳಗಿರುವ ಬಿಸಿಯೇ ಉಳಿದ ಕೆಲಸವನ್ನು ಮುಗಿಸುತ್ತದೆ.

ತೊಗರಿಬೇಳೆಯನ್ನು ಅರ್ಧ ಗಂಟೆ, ಕಡಲೆ, ಹುರುಳಿ, ಒಣ ಅವರೆಯನ್ನು ರಾತ್ರಿಯಿಡೀ ನೆನೆಹಾಕುವುದು ಎಲ್ಲರಿಗೂ ಗೊತ್ತಿರುವ ವಿಷಯ. ಗೊತ್ತಿದ್ದೂ ಮರೆಯುತ್ತೇವೆ, ಮರೆತಾಗ ಚಿಟಿಕೆ ಅಡುಗೆ ಸೋಡ ಹಾಕುತ್ತೇವೆ. ಸೋಡ ಹಾಕಿದರೆ ಕಾಳು ಬೇಗ ಮೆತ್ತಗಾಗುವುದು ನಿಜ, ಗ್ಯಾಸು ಉಳಿಯುವುದೂ ನಿಜ. ಆದರೆ ಕಾಳಿನಲ್ಲಿರುವ ಬಿ1 ಜೀವಸತ್ವ ಸೋಡಾಕ್ಕೆ ನಾಶವಾಗುತ್ತದೆ. ಇಂಥದನ್ನು ನಾನು ಉಳಿತಾಯ ಅನ್ನುವುದಿಲ್ಲ, ಅದು ತಟ್ಟೆಯಿಂದಲೇ ತೆಗೆದದ್ದು. ಬರ್ನರಿನ ತೂತುಗಳಲ್ಲಿ ಹಾಲು ಉಕ್ಕಿ ಕಟ್ಟಿಕೊಂಡು ಜ್ವಾಲೆ ಹಳದಿಯಾಗಿದ್ದರೆ ಅನಿಲ ಪೂರ್ತಿ ಉರಿಯುತ್ತಿಲ್ಲ ಎಂದೇ ಅರ್ಥ. ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಅದೂ ಅದರದೇ ಗುರುತು. ಸಣ್ಣ ಪಾತ್ರೆಗೆ ದೊಡ್ಡ ಒಲೆ ಹಚ್ಚಿ ಜ್ವಾಲೆ ಪಕ್ಕಕ್ಕೆ ಚಾಚಿದರೆ ಬಿಸಿಯಾಗುವುದು ಅಡುಗೆಮನೆ, ಬೆವರುವುದು ಅಡುಗೆ ಮಾಡುವವರು. ಮೂವತ್ತು ದಿನ ಬರುತ್ತಿದ್ದ ಸಿಲಿಂಡರು ಮೂವತ್ತಾರು ದಿನ ಬಂದರೆ ವರ್ಷಕ್ಕೆ ಹನ್ನೆರಡರ ಬದಲು ಹತ್ತೇ ಸಾಕು. ಎರಡು ಸಿಲಿಂಡರಿನ ದುಡ್ಡು ಎಷ್ಟಾಗುತ್ತದೆಂದು ನೀವೇ ಲೆಕ್ಕ ಹಾಕಿ.

ಸೌದೆ ಒಲೆ ಉರಿಸುವ ಮನೆಗಳು ಇವತ್ತಿಗೂ ಇವೆ, ಅವರಿಗೂ ಒಂದು ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತನದಲ್ಲಿ ಅಸ್ತ್ರ ಎಂಬ ಘಟಕ ಶುರುವಾಯಿತು. ಹಳ್ಳಿಯ ಕೆಲಸಕ್ಕೆ ವಿಜ್ಞಾನ ಒದಗಬೇಕು ಎಂಬುದೇ ಅದರ ಉದ್ದೇಶ. ಅಲ್ಲಿ ರೂಪುಗೊಂಡ ಅಸ್ತ್ರ ಒಲೆಯನ್ನು ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಕಟ್ಟಿದರು. ಒಂದೇ ಉರಿಗೆ ಸಾಲಾಗಿ ಪಾತ್ರೆಗಳು, ಹೊಗೆ ಕೊಳವೆಯಲ್ಲಿ ಹೊರಗೆ. ದೊಡ್ಡ ವಿಜ್ಞಾನಿಗಳು ಹೆಂಗಸರ ಒಲೆಯ ಮುಂದೆ ಕೂತು ಸೌದೆ ತೂಗಿ, ಬಿಸಿ ಅಳೆದು ಲೆಕ್ಕ ಮಾಡಿದರು ಎಂಬುದನ್ನು ನೆನೆದರೆ ನನಗೆ ಈಗಲೂ ಗೌರವ ಮೂಡುತ್ತದೆ. ಅಡುಗೆಮನೆಯ ಲೆಕ್ಕ ಸಣ್ಣದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಅಡುಗೆಯೇ. ನಮ್ಮ ಹಳೇ ಮೈಸೂರು ಸೀಮೆಯ ಬಸ್ಸಾರಿಗೆ ಸಮನಾದ ಮಿತವ್ಯಯದ ಅಡುಗೆ ನನಗೆ ಬೇರೆ ಕಾಣುವುದಿಲ್ಲ. ಹುರುಳಿಯೋ ಅಲಸಂದೆಯೋ ತೊಗರಿಬೇಳೆಯೋ ಒಂದಿಷ್ಟು ಬೇಯುತ್ತಿರುವಾಗಲೇ ಮೇಲೆ ದಂಟು, ಕಿರಕಸಾಲೆ, ಸಬ್ಬಸಿಗೆ, ಏನು ಸೊಪ್ಪಿದೆಯೋ ಅದನ್ನು ಹಾಕುತ್ತಾರೆ. ಬೆಂದ ಮೇಲೆ ನೀರನ್ನು ಬಸಿದುಕೊಳ್ಳುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ತೆಂಗಿನಕಾಯಿ, ಹುಣಸೆಹಣ್ಣಿನ ಜೊತೆಗೆ ಬೆಂದ ಕಾಳಲ್ಲೇ ಒಂದು ಹಿಡಿ ಸೇರಿಸಿ ರುಬ್ಬಿ, ಆ ಬಸಿದ ನೀರಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆ, ಒಂದೇ ಬೇಯುವಿಕೆ, ಮುದ್ದೆಗೆ ಎರಡು ಬಗೆ. ಸೊಪ್ಪು ಬೇಯುವಾಗ ನೀರಿಗೆ ಇಳಿಯುವ ಸತ್ವವೆಲ್ಲ ಸಾರಿನಲ್ಲೇ ಇರುತ್ತದೆ, ಮೋರಿಗೆ ಒಂದು ಹನಿಯೂ ಹೋಗುವುದಿಲ್ಲ. ಮಾರನೆಯ ದಿನಕ್ಕೆ ಆ ಸಾರು ಇನ್ನೂ ರುಚಿ, ಅದನ್ನು ಬಲ್ಲವರು ಬೇಕೆಂದೇ ಸ್ವಲ್ಪ ಹೆಚ್ಚು ಮಾಡಿಡುತ್ತಾರೆ. ಬಡತನದ ಅಡುಗೆ ಎಂದು ಇದನ್ನು ಕರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇದು ಬುದ್ಧಿವಂತರ ಅಡುಗೆ.

ಇಂಥ ಬುದ್ಧಿ ಕರ್ನಾಟಕದ ಒಂದೊಂದು ಸೀಮೆಯಲ್ಲಿ ಒಂದೊಂದು ರೂಪದಲ್ಲಿದೆ. ಕರಾವಳಿಯಲ್ಲಿ ಕಲ್ಲಂಗಡಿ ತಿಂದ ಮೇಲೆ ಸಿಪ್ಪೆಯ ಒಳಗಿನ ಬಿಳಿ ಭಾಗವನ್ನು ಅಕ್ಕಿಯ ಜೊತೆ ರುಬ್ಬಿ ದೋಸೆ ಹುಯ್ಯುತ್ತಾರೆ, ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟು ಮಳೆಗಾಲ ದಾಟಿಸುತ್ತಾರೆ. ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಮಲೆನಾಡಿನಲ್ಲಿ ಹಿತ್ತಿಲಿಗೆ ಹೋಗಿ ನಾಲ್ಕು ಎಲೆ ದೊಡ್ಡಪತ್ರೆ ಅಥವಾ ಒಂದು ಹಿಡಿ ಒಂದೆಲಗ ಕಿತ್ತು ತಂದು ಮಜ್ಜಿಗೆಗೆ ಅರೆದು ಹಾಕಿದರೆ ತಂಬುಳಿ ಆಗಿಯೇ ಹೋಯಿತು, ಒಲೆಯ ಹಂಗು ಹೆಚ್ಚಿಲ್ಲ. ಉತ್ತರ ಕರ್ನಾಟಕದ ಖಡಕ್ ಜೋಳದ ರೊಟ್ಟಿಯನ್ನು ಒಮ್ಮೆ ಕೂತು ತಟ್ಟಿಟ್ಟರೆ ದಿನಗಟ್ಟಲೆ ಒಲೆ ಹಚ್ಚುವ ಕೆಲಸವಿಲ್ಲ. ಹೀರೆಕಾಯಿ ಸಿಪ್ಪೆಯ ಚಟ್ನಿಯನ್ನಂತೂ ಎಲ್ಲ ಕಡೆಯೂ ಮಾಡುತ್ತಾರೆ. ಹಿತ್ತಿಲಿಲ್ಲದ ಪಟ್ಟಣದ ಮನೆಯಲ್ಲೂ ಕಿಟಕಿಯ ಹತ್ತಿರ ಎರಡು ಡಬ್ಬಿಯಲ್ಲಿ ಮೆಂತ್ಯದ ಸೊಪ್ಪು ಬೆಳೆಯಬಹುದು. ದೊಡ್ಡಪತ್ರೆಯ ಒಂದು ಕಡ್ಡಿ ಚುಚ್ಚಿದರೆ ಸಾಕು, ತಾನೇ ಹಬ್ಬುತ್ತದೆ.

ಕೊಳ್ಳುವ ಕಾಲ ತಿಳಿದಿರುವುದೂ ಒಂದು ಸಂಪಾದನೆಯೇ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ತುಂಬಿಕೊಂಡು ಬರುವುದು ಜನವರಿಯಿಂದ ಮಾರ್ಚ್ ತನಕ. ಕಲಬುರಗಿ ಕಡೆಯ ತೊಗರಿಯ ಸುಗ್ಗಿ ಡಿಸೆಂಬರ್ ಜನವರಿಯ ಹೊತ್ತಿಗೆ. ಆ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಅದರ ಬೇಳೆಯ ರುಚಿ ತಿಂದವರಿಗೆ ಗೊತ್ತು. ಹೊಸ ಹುಣಸೆಹಣ್ಣು ಬೇಸಿಗೆ ಕಾಲಿಡುವಾಗ ಬರುತ್ತದೆ. ವರ್ಷಕ್ಕಾಗುವಷ್ಟನ್ನು ಆಗಲೇ ಕೊಂಡು, ಬಿಸಿಲಿಗೆ ಹಾಕಿ, ಹುಣಸೆಯ ಬೀಜ ನಾರು ತೆಗೆದು ಉಪ್ಪು ಸೇರಿಸಿ ಭರಣಿಗೆ ತುಂಬುವ ಪದ್ಧತಿ ನಮ್ಮಲ್ಲಿ ಸುಮ್ಮನೆ ಬೆಳೆದದ್ದಲ್ಲ. ಒಟ್ಟಿಗೆ ಕೊಳ್ಳುವಷ್ಟು ದುಡ್ಡು ಒಬ್ಬರ ಕೈಯಲ್ಲಿ ಇರುವುದಿಲ್ಲ ಅನ್ನುತ್ತೀರಿ, ಸರಿಯೇ. ಆದರೆ ಒಂದೇ ಬೀದಿಯ ನಾಲ್ಕು ಮನೆಯವರು ಸೇರಿ ಒಂದು ಮೂಟೆ ತಂದು ಹಂಚಿಕೊಳ್ಳಬಹುದು. ತಂದದ್ದನ್ನು ಕಾಪಾಡುವುದು ಮುಂದಿನ ಕೆಲಸ. ಇಡೀ ಕಾಳಿಗೆ ಹುಳು ಬೇಗ ಬೀಳುತ್ತದೆ, ಒಡೆದ ಬೇಳೆಗೆ ಅಷ್ಟು ಬೇಗ ಬೀಳುವುದಿಲ್ಲ. ಹಾಗಾಗಿಯೇ ಬಿತ್ತನೆಯ ಕಾಳಿಗೆ, ಅವರೆಗೆ ಕೆಮ್ಮಣ್ಣು ಕಟ್ಟಿ ಒಣಗಿಸುತ್ತಿದ್ದರು, ಕೆಲವರು ಬೂದಿ ಬೆರೆಸುತ್ತಿದ್ದರು, ಬೇಳೆಗೆ ಹರಳೆಣ್ಣೆ ಸವರುತ್ತಿದ್ದರು. ಕಾಳಿನ ಮೇಲೆ ಮೊಟ್ಟೆ ಇಡಲು ಹುಳುವಿಗೆ ಎಡೆ ಸಿಗಬಾರದು, ಅಷ್ಟೇ ಗುಟ್ಟು. ಪಟ್ಟಣದಲ್ಲಿ ಚೆನ್ನಾಗಿ ಒಣಗಿಸಿ ಗಾಳಿಯಾಡದ ಡಬ್ಬಿಗೆ ತುಂಬಿದರೂ ಸಾಕು. ಹಳೆಯದನ್ನು ಮುಗಿಸದೆ ಹೊಸದನ್ನು ಅದರ ಮೇಲೆ ಸುರಿಯಬೇಡಿ, ಹುಳು ಹಳೆಯದರಿಂದಲೇ ಹೊಸದಕ್ಕೆ ದಾಟುತ್ತದೆ.

ಬಟ್ಟೆಬರೆಯ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಹಳೆ ಸೀರೆಗಳನ್ನು ಪದರಪದರವಾಗಿ ಹೊಲಿದು ಕೌದಿ ಮಾಡುವ ಉತ್ತರ ಕರ್ನಾಟಕದ ಅಜ್ಜಿಯರು ಬಲ್ಲದ್ದಕ್ಕೆ ನಾನು ಸೇರಿಸುವುದೇನಿಲ್ಲ. ಜೂನ್ ತಿಂಗಳಲ್ಲಿ ಮಕ್ಕಳ ಹಿಂದಿನ ವರ್ಷದ ನೋಟ್‌ಬುಕ್ಕುಗಳ ಖಾಲಿ ಹಾಳೆ ಬಿಡಿಸಿ ಹೊಲಿದರೆ ರಫ್ ಕೆಲಸಕ್ಕೆ ಪುಸ್ತಕ ಸಿಕ್ಕಿತು. ಮಕ್ಕಳ ಕೈಯಲ್ಲೇ ಹೊಲಿಸಿ.

ವಿದ್ಯುತ್ತಿನ ಲೆಕ್ಕವನ್ನು ಮಾತ್ರ ಪ್ರತಿ ಮನೆಯಲ್ಲೂ ಕಲಿಯಲೇಬೇಕು, ಇದು ಐದನೇ ತರಗತಿಯ ಗಣಿತವಷ್ಟೇ. ಸಾವಿರ ವ್ಯಾಟಿನ ಉಪಕರಣವನ್ನು ಒಂದು ಗಂಟೆ ಉರಿಸಿದರೆ ಒಂದು ಯೂನಿಟ್. 60 ವ್ಯಾಟಿನ ಹಳೆಯ ಬುರುಡೆ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಬೇಡ. ಸಾಮಾನ್ಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್. ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್. ಈಗ ಬರುತ್ತಿರುವ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕು, ತಿಂಗಳಿಗೆ 9 ಯೂನಿಟ್. ಎರಡು ಸಾವಿರ ವ್ಯಾಟಿನ ಗೀಸರನ್ನು ಅರ್ಧ ಗಂಟೆ ಉರಿಸಿದರೆ ಒಂದು ಪೂರ್ತಿ ಯೂನಿಟ್ ಹೋಯಿತು. ಅದು ಎಲ್‌ಇಡಿ ದೀಪವನ್ನು ನೂರು ಗಂಟೆಗೂ ಹೆಚ್ಚು ಉರಿಸುವಷ್ಟು ವಿದ್ಯುತ್ತು. ಆದ್ದರಿಂದ ದೀಪ ಆರಿಸು ಎಂದು ಮಕ್ಕಳನ್ನು ಗದರಿಸುವುದಕ್ಕಿಂತ ಗೀಸರಿನ ಸ್ವಿಚ್ಚಿನ ಮೇಲೆ ಕಣ್ಣಿಡುವುದು ಮೇಲು. ಫ್ರಿಜ್ಜು ಹಗಲೂ ರಾತ್ರಿ ಕೆಲಸ ಮಾಡುವುದರಿಂದ ಕೊಳ್ಳುವಾಗ ಬೆಲೆಯ ಚೀಟಿಯ ಪಕ್ಕದಲ್ಲಿರುವ ನಕ್ಷತ್ರದ ಚೀಟಿಯನ್ನೂ ಓದಿ. ವರ್ಷಕ್ಕೆ ಎಷ್ಟು ಯೂನಿಟ್ ನುಂಗುತ್ತದೆಂದು ಅದರಲ್ಲೇ ಬರೆದಿರುತ್ತದೆ.

ಗೃಹಜ್ಯೋತಿ ಇದೆಯಲ್ಲ, ನಮಗೇಕೆ ಈ ಲೆಕ್ಕ ಎಂದು ಕೆಲವರು ಕೇಳುತ್ತಾರೆ. ರಾಜ್ಯ ಸರ್ಕಾರದ, 2023ರಲ್ಲಿ ಶುರುವಾದ ಆ ಉಚಿತ ವಿದ್ಯುತ್ ಯೋಜನೆಗೂ ಮಿತಿ ಇದೆ. ಮನೆಯ ಹಿಂದಿನ ಸರಾಸರಿ ಬಳಕೆಯನ್ನು ನೋಡಿ ಆ ಮಿತಿಯನ್ನು ಗೊತ್ತುಮಾಡಿದ್ದಾರೆ, ಮತ್ತು ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಕಟ್ಟಬೇಕಾಗುತ್ತದೆ. ಹಾಗಾಗಿ ಲೆಕ್ಕ ಈಗಲೇ ಹೆಚ್ಚು ಬೇಕು. ಹತ್ತು ದಿನಕ್ಕೊಮ್ಮೆ ಮೀಟರು ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸವನ್ನು ಮನೆಯ ಮಗುವಿಗೆ ಕೊಡಿ.

ನೀರಿಗೂ ಹಾಗೆಯೇ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ರಾತ್ರಿ ಒಂದು ಬಕೆಟ್ ಇಟ್ಟು ಬೆಳಿಗ್ಗೆ ಎಷ್ಟು ತುಂಬಿದೆ ನೋಡಿ. ಬಕೆಟ್ಟಿನ ನೀರನ್ನು ಕಣ್ಣಾರೆ ಕಂಡ ಮೇಲೆ ವಾಷರ್ ಬದಲಿಸಲು ಯಾರೂ ತಡ ಮಾಡುವುದಿಲ್ಲ. ಟ್ಯಾಂಕರ್ ನೀರು ಕೊಳ್ಳುವ ಬಡಾವಣೆಗಳಲ್ಲಿ ಇದು ನೇರ ದುಡ್ಡಿನ ಮಾತು.

ಈಗ ಎಲ್ಲಕ್ಕಿಂತ ಹೆಚ್ಚು ಸೋರುವ ಜಾಗಕ್ಕೆ ಬರುತ್ತೇನೆ. ಕೈಸಾಲದವರು ನೂರಕ್ಕೆ ಐದು ಅನ್ನುತ್ತಾರೆ, ಕೇಳಲು ಚಿಕ್ಕದಾಗಿದೆ. ಅದು ತಿಂಗಳ ಬಡ್ಡಿ. ವರ್ಷಕ್ಕೆ ನೂರಕ್ಕೆ ಅರವತ್ತಾಯಿತು. ಇಪ್ಪತ್ತು ಸಾವಿರ ಸಾಲಕ್ಕೆ ವರ್ಷದಲ್ಲಿ ಹನ್ನೆರಡು ಸಾವಿರ ಬರೀ ಬಡ್ಡಿ, ಅಸಲು ಹಾಗೇ ನಿಂತಿರುತ್ತದೆ. ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು ಇಲ್ಲಿ ತುಟಿ ಬಿಚ್ಚುವುದಿಲ್ಲ. ನನ್ನ ಕೋರಿಕೆ ಇಷ್ಟೇ: ಸೊಪ್ಪಿನವಳನ್ನು ಬಿಟ್ಟುಬಿಡಿ, ಅವಳದೂ ನಮ್ಮ ಹಾಗೆಯೇ ಒಂದು ಸಂಸಾರ. ಬಡ್ಡಿಯ ಮುಂದೆ ಚೌಕಾಸಿ ಮಾಡಿ. ಕಿರುಸಾಲದ ವಸೂಲಿಯ ಕಿರುಕುಳ ಎಷ್ಟು ಬೆಳೆಯಿತೆಂದರೆ 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಎತ್ತುವ ಮೊದಲು ಮನೆಯವರೆಲ್ಲ ಕೂತು ಒಂದು ಹಾಳೆಯ ಮೇಲೆ ವರ್ಷದ ಬಡ್ಡಿಯನ್ನು ಬರೆದು ನೋಡಬೇಕು.

ಆ ಸಾಲ ಬಹಳ ಸಲ ಹುಟ್ಟುವುದು ಮದುವೆಮನೆಯಲ್ಲಿ. ಅಡುಗೆಮನೆಯಲ್ಲಿ ಹೆಂಗಸು ಇಪ್ಪತ್ತು ವರ್ಷ ಚಿಟಿಕೆ ಚಿಟಿಕೆಯಾಗಿ ಉಳಿಸಿದ್ದನ್ನು ಎರಡು ದಿನದ ಚಪ್ಪರ ನುಂಗಿಬಿಡುತ್ತದೆ, ಮತ್ತು ಆ ಖರ್ಚನ್ನು ತೀರ್ಮಾನಿಸುವಾಗ ಆಕೆಯನ್ನು ಕೇಳುವವರು ಕಡಿಮೆ. ಸಣ್ಣ ಉಳಿತಾಯ ಅವಳ ಹೊಣೆ, ದೊಡ್ಡ ಖರ್ಚು ಇತರರ ಹಕ್ಕು ಎಂಬ ಈ ಏರ್ಪಾಡು ನ್ಯಾಯವಲ್ಲ. ಕುವೆಂಪು ಅವರು ಮಂತ್ರಮಾಂಗಲ್ಯ ಎಂಬ ಸರಳ ಮದುವೆಯ ಪದ್ಧತಿಯನ್ನು ರೂಪಿಸಿಕೊಟ್ಟರು, 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಆ ಬಗೆಯಲ್ಲೇ ನಡೆಯಿತು. ಅದಾದ ಮೇಲೆ ಎಷ್ಟೋ ಜನ ಹಾಗೆ ಸರಳವಾಗಿ ಮದುವೆಯಾಗಿ ಸಾಲವಿಲ್ಲದೆ ಸಂಸಾರ ಶುರು ಮಾಡಿದ್ದಾರೆ. ಎಲ್ಲರೂ ಅದೇ ದಾರಿ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ಇಷ್ಟಾದರೂ ಆಗಲಿ, ಚಪ್ಪರದ ಲೆಕ್ಕ ಹಾಕುವ ದಿನ ಮನೆಯಾಕೆಯೂ ಮಕ್ಕಳೂ ಆ ಜಮಖಾನೆಯ ಮೇಲೆ ಕೂತಿರಲಿ.

ಉಳಿಸಿದ್ದನ್ನು ಇಡುವುದೆಲ್ಲಿ? ಸಾಸಿವೆ ಡಬ್ಬಿ, ಅಕ್ಕಿ ಡ್ರಮ್ಮು, ಸೀರೆಯ ಮಡಿಕೆ ನಮ್ಮ ತಾಯಂದಿರ ಬ್ಯಾಂಕುಗಳು. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟು ರದ್ದಾದಾಗ ಆ ಡಬ್ಬಿಗಳು ಒಂದೊಂದಾಗಿ ಹೊರಗೆ ಬಂದವು. ಕಷ್ಟಕಾಲಕ್ಕೆಂದು ಯಾರಿಗೂ ಹೇಳದೆ ಕೂಡಿಟ್ಟ ದುಡ್ಡನ್ನು ಗಂಡನ ಮುಂದೆ, ಮಗನ ಮುಂದೆ ಹಿಡಿದು ಬದಲಿಸಿ ತಂದುಕೊಡಿ ಎಂದು ಕೇಳಬೇಕಾಗಿ ಬಂದ ಹೆಂಗಸರು ಎಷ್ಟು ಜನ! ತಂದುಕೊಟ್ಟವರೂ ಇದ್ದರು, ತಂದು ತಾವೇ ಇಟ್ಟುಕೊಂಡವರೂ ಇದ್ದರು. ಆದ್ದರಿಂದ ಉಳಿಸಿದ ದುಡ್ಡು ಅವಳದೇ ಹೆಸರಿನ ಖಾತೆಯಲ್ಲಿರಲಿ. ಅಂಚೆ ಕಚೇರಿಯ ಆರ್.ಡಿ.ಗೆ ತಿಂಗಳಿಗೆ ನೂರು ರೂಪಾಯಿ ಇದ್ದರೂ ಸಾಕು, ಅವಧಿ ಐದು ವರ್ಷ. ಸ್ವಸಹಾಯ ಸಂಘಗಳ ಹುಟ್ಟಿನಲ್ಲೂ ನಮ್ಮ ರಾಜ್ಯದ ಪಾಲು ದೊಡ್ಡದು. ಮೈರಾಡ ಸಂಸ್ಥೆಯವರು 1980ರ ದಶಕದ ನಡುವಿನಲ್ಲಿ ಹಳ್ಳಿಗಳಲ್ಲಿ ಇಂಥ ಚಿಕ್ಕ ಗುಂಪುಗಳನ್ನು ಬೆಳೆಸಿದರು, 1992ರಲ್ಲಿ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ವಾರಕ್ಕೆ ಹತ್ತು ರೂಪಾಯಿ ಹಾಕಿ ಕೂಡಿಸಿದ ಹೆಂಗಸರು ತಮ್ಮ ತಮ್ಮೊಳಗೇ ಸಾಲ ಕೊಟ್ಟುಕೊಂಡಾಗ ಬಡ್ಡಿಯೂ ಅವರಲ್ಲೇ ಉಳಿಯುತ್ತದೆ.

ಶುರುವಿನಲ್ಲಿ ಹೇಳಿದ ತಟ್ಟೆಯ ಮಾತನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. 1965ರಲ್ಲಿ ದೇಶದಲ್ಲಿ ಧಾನ್ಯದ ಕೊರತೆಯಾದಾಗ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ಜನರನ್ನು ಕೇಳಿಕೊಂಡರು. ಸೋಮವಾರ ರಾತ್ರಿ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚಲಿಲ್ಲ. ಅವತ್ತು ಬಿಟ್ಟವರು ಮನೆಯವರೆಲ್ಲ. ಈಗ ಮನೆಯಲ್ಲಿ ಕೊರತೆ ಬಿದ್ದಾಗ ಬಿಡುವವಳು ಒಬ್ಬಳೇ. ಅದರ ಫಲ ಲೆಕ್ಕಕ್ಕೆ ಸಿಕ್ಕಿದೆ: 2019ರಿಂದ 2021ರ ತನಕ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ನೂರು ಹೆಂಗಸರಲ್ಲಿ 57 ಜನರಿಗೆ ರಕ್ತಹೀನತೆ ಇತ್ತು. ಅದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಕೊನೆಯಲ್ಲಿ ಕೂತು ಉಳಿದದ್ದನ್ನು ಉಣ್ಣುವುದು ಅದನ್ನು ಖಂಡಿತ ಹೆಚ್ಚಿಸುತ್ತದೆ. ಏದುಸಿರು, ತಲೆಸುತ್ತು, ಮೆಟ್ಟಿಲು ಹತ್ತಲಾರದ ಸುಸ್ತು. ಹೀಗೆ ಸೊರಗಿದವರಿಗೆ ಮುಂದೆ ಆಸ್ಪತ್ರೆಯಲ್ಲಿ ಆಗುವ ಖರ್ಚಿನ ಮುಂದೆ ಆ ಅರ್ಧ ಲೀಟರ್ ಹಾಲಿನ ಉಳಿತಾಯ ಏನೂ ಅಲ್ಲ.

ಹಾಗಾಗಿ ಖರ್ಚಿನ ಪುಸ್ತಕ ಬರೆಯುವ ಮನೆಗಳಲ್ಲಿ ದಿನಸಿ, ಶಾಲೆ, ಬಾಡಿಗೆ, ಬಸ್ಸು ಎಂದು ಬರೆಯುವ ಸಾಲುಗಳ ಜೊತೆಗೆ ಮನೆಯಾಕೆಯ ಹೆಸರಿನಲ್ಲೂ ಒಂದು ಸಾಲು ಇರಲಿ. ಅವಳ ಕನ್ನಡಕ, ಅವಳ ಹಲ್ಲು, ಅವಳ ಚಪ್ಪಲಿ, ಅವಳ ಮಾತ್ರೆ. ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ದಿನವೂ ಮಾತ್ರೆ ನುಂಗುವವರು ಮನೆಯಲ್ಲಿದ್ದರೆ ವೈದ್ಯರನ್ನು ಕೇಳಿ ಅದೇ ಔಷಧಿಯನ್ನು ಜನೌಷಧಿ ಅಂಗಡಿಯಲ್ಲಿ ಕೊಳ್ಳಬಹುದು. ಬೆಲೆಯ ವ್ಯತ್ಯಾಸ ದೊಡ್ಡದು, ಪ್ರತಿ ತಿಂಗಳೂ ಉಳಿಯುವಂಥದು. ಈ ವಾರದಲ್ಲೇ ಒಂದು ದಿನ ಬಿಡುವು ಮಾಡಿಕೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ಗರ್ಭಿಣಿಯಲ್ಲದ ಹೆಂಗಸಿಗೆ ಅದು 12 ಗ್ರಾಂಗಿಂತ ಕಡಿಮೆ ಇರಬಾರದು. ಕಡಿಮೆ ಇದ್ದರೆ ಕಬ್ಬಿಣಾಂಶದ ಮಾತ್ರೆ ಅಲ್ಲೇ ಕೊಡುತ್ತಾರೆ. ಮಾತ್ರೆ ನುಂಗಿದ ಮೇಲೆ ಒಂದು ಗಂಟೆ ಕಾಫಿ ಟೀ ಕುಡಿಯಬೇಡಿ, ನಿಂಬೆಹಣ್ಣಿನ ಪಾನಕ ಕುಡಿಯಬಹುದು. ಗಂಡಸರು ಕೇಳುತ್ತಿದ್ದರೆ ಅವತ್ತು ಜೊತೆಗೆ ಹೋಗಿ ಬನ್ನಿ.